ಕಟ್ ಎಕ್ಸಲೆಂಟ್, ಆದರೆ ಕಣ್ಣಿಗೆ ಹಿಡಿಸಲಿಲ್ಲ! ವಜ್ರದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಜಗಳದವು. ಲ್ಯಾಬ್ ರಿಪೋರ್ಟ್ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ, ಯಾರ ಮಾತು ಕೇಳಬೇಕು ಅಂತ. ಬಣ್ಣ, ತೂಕ, ಶುದ್ಧತೆಯ ಪ್ರಶ್ನೆಗಳನ್ನು ಇನ್ನೊಂದು ಸಲಕ್ಕೆ ಇಟ್ಟುಕೊಂಡಿದ್ದೇನೆ. ಇವತ್ತು ಕಟ್ ಮಾತ್ರ, ಅಂದರೆ ಹರಳಿಗೆ ಚಪ್ಪಟೆ ಮುಖಗಳನ್ನು ಕೊಟ್ಟು ಕತ್ತರಿಸಿರುವ ಬಗೆ.

ಪ್ರಶ್ನೆ: ಒಂದೇ ತೂಕದ ಎರಡು ದುಂಡು ವಜ್ರ ನೋಡಿದೆ. ಬಣ್ಣ, ಶುದ್ಧತೆ ಎರಡಕ್ಕೂ ಒಂದೇ. ಜಿಐಎ (ವಜ್ರಕ್ಕೆ ದರ್ಜೆ ಕೊಡುವ ಅಮೆರಿಕದ ಸಂಸ್ಥೆ) ರಿಪೋರ್ಟ್‌ನಲ್ಲಿ ಒಂದರ ಕಟ್ ಎಕ್ಸಲೆಂಟ್, ಇನ್ನೊಂದರದು ವೆರಿ ಗುಡ್. ನನಗೆ ಇಷ್ಟವಾಗಿದ್ದು ವೆರಿ ಗುಡ್. ಮನೆಯಲ್ಲಿ ಎಲ್ಲರೂ ‘ನಿನಗೆ ಕಣ್ಣಿಲ್ಲ’ ಅಂತ ನಗುತ್ತಿದ್ದಾರೆ. ನನ್ನದು ತಪ್ಪಾ?

ಉತ್ತರ: ತಪ್ಪೇನಿಲ್ಲ. ಆದರೆ ಸರಿ ಅಂತಲೂ ಈಗಲೇ ಹೇಳಲಾರೆ. ಆ ಹರಳನ್ನು ಎಂಥ ಬೆಳಕಿನಲ್ಲಿ ನೋಡಿದಿರಿ ಅಂತ ನೀವು ಬರೆದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ದರ್ಜೆ ಹುಟ್ಟಿದ ಬಗೆ ನೋಡಿ. ಜಿಐಎ ಲ್ಯಾಬ್ ದುಂಡು ಬ್ರಿಲಿಯಂಟ್, ಅಂದರೆ ಮಿನುಗಲೆಂದು ತುಂಬಾ ಮುಖ ಕೊಟ್ಟ ದುಂಡು ವಜ್ರಕ್ಕೆ ಕಟ್ ದರ್ಜೆ ಕೊಡಲು ಶುರು ಮಾಡಿದ್ದು 2006ರಲ್ಲಿ. ಎಕ್ಸಲೆಂಟ್, ವೆರಿ ಗುಡ್, ಗುಡ್, ಫೇರ್, ಪೂರ್ ಅಂತ ಐದು ಮೆಟ್ಟಿಲು. ಇದು ಬರೀ ಕಂಪ್ಯೂಟರ್ ಕಟ್ಟಿದ ಲೆಕ್ಕವಲ್ಲ. ಬೆಳಕಿನ ಲೆಕ್ಕ ಮುಗಿಸಿ, ಸುಮಾರು 2,300 ವಜ್ರಗಳನ್ನು ನೋಡುಗರ ಮುಂದಿಟ್ಟು, ಯಾವುದು ಹೆಚ್ಚು ಚೆನ್ನಾಗಿ ಕಾಣುತ್ತಿದೆ ಅಂತ ಕೇಳಿ ಕೇಳಿ 70,000ಕ್ಕಿಂತ ಜಾಸ್ತಿ ಅಭಿಪ್ರಾಯ ಬರೆದುಕೊಂಡು, ಲೆಕ್ಕ ಆ ಕಣ್ಣುಗಳ ಜೊತೆ ಹೊಂದುತ್ತದಾ ಅಂತ ಪರೀಕ್ಷೆ ಮಾಡಿದರು. ಅಂದರೆ ನಿಮ್ಮ ಮನೆಯವರು ‘ತಾಂತ್ರಿಕ’ ಅಂತ ನಂಬಿರುವ ದರ್ಜೆಯ ಹೊಟ್ಟೆಯೊಳಗೇ ಬೇರೆಯವರ ಇಷ್ಟಾನಿಷ್ಟ ಕೂತಿದೆ. ಹೆಚ್ಚಿನ ಜನ ಚೆನ್ನಾಗಿದೆ ಅಂದಿದ್ದು ಮೇಲಿನ ಮೆಟ್ಟಿಲಿಗೆ ಹೋಯಿತು. ನೀವು ಆ ಹೆಚ್ಚಿನ ಜನರಲ್ಲಿ ಒಬ್ಬರಾಗಿರಲೇಬೇಕು ಅಂತ ಕಾನೂನೇನೂ ಇಲ್ಲ.

ಹಾಗಂತ ಎಲ್ಲವೂ ಇಷ್ಟದ ಮೇಲೆ ನಿಂತಿಲ್ಲ. ವಜ್ರದೊಳಗೆ ಹೋದ ಬೆಳಕು ಒಳಗಿನಿಂದ ಒಂದು ಮುಖಕ್ಕೆ ಬಡಿಯುತ್ತದಲ್ಲ, ಆಗ ಅದು ಲಂಬದಿಂದ ಸುಮಾರು 24.4 ಡಿಗ್ರಿಗಿಂತ ಜಾಸ್ತಿ ಓರೆಯಾಗಿದ್ದರೆ ಹೊರಗೆ ಹೋಗಲು ಆಗುವುದೇ ಇಲ್ಲ, ಪೂರ್ತಿ ಒಳಕ್ಕೇ ತಿರುಗುತ್ತದೆ. ಕಡಿಮೆ ಓರೆಯಾಗಿದ್ದರೆ ಬೆನ್ನಿನಿಂದ ಸೋರಿಹೋಗುತ್ತದೆ. ಇದು ಯಾರ ಅಭಿಪ್ರಾಯವೂ ಅಲ್ಲ, ವಜ್ರದ ಗುಣ. ಕೆಳಗಿನ ಚೂಪು ಭಾಗ, ಅಂದರೆ ಪೆವಿಲಿಯನ್, ತೀರಾ ಆಳವಾಗಿದ್ದರೆ ಹರಳಿನ ನಡುವೆ ಕಪ್ಪು ಮೊಳೆ ಹೊಡೆದ ಹಾಗೆ ಕಾಣುತ್ತದೆ. ತೀರಾ ಚಪ್ಪಟೆಯಾಗಿದ್ದರೆ ಹರಳಿನ ಅಂಚು ಒಳಗೆ ಪ್ರತಿಬಿಂಬಿಸಿ ಬೂದು ಬಣ್ಣದ ಉಂಗುರ ಕಾಣುತ್ತದೆ, ಮೀನಿನ ಕಣ್ಣು ಅಂತಾರೆ. ಇಂಥ ಹರಳನ್ನು ‘ನನಗೆ ಇದೇ ಇಷ್ಟ’ ಅನ್ನುವವರು ಇರಬಹುದು. ನಾನಂತೂ ಇನ್ನೂ ನೋಡಿಲ್ಲ.

1919ರಲ್ಲಿ ಮಾರ್ಸೆಲ್ ಟೊಲ್ಕೊವ್‌ಸ್ಕಿ ಅನ್ನುವವರು ಈ ಲೆಕ್ಕವನ್ನು ಪುಸ್ತಕವಾಗಿ ಬರೆದರು. ವಜ್ರ ಕತ್ತರಿಸುವ ಮನೆತನದವರು, ಎಂಜಿನಿಯರ್. ಟೇಬಲ್ 53 ಶೇಕಡಾ, ಕ್ರೌನ್ ಕೋನ 34.5 ಡಿಗ್ರಿ, ಪೆವಿಲಿಯನ್ ಕೋನ 40.75 ಡಿಗ್ರಿ ಅಂತ ಅವರು ಕೊಟ್ಟ ಅಳತೆ ಇವತ್ತಿಗೂ ಜನರ ಬಾಯಲ್ಲಿದೆ. ಟೇಬಲ್ ಅಂದರೆ ಹರಳಿನ ನೆತ್ತಿಯ ಚಪ್ಪಟೆ ಮುಖ (ಶೇಕಡಾ ಅಂದಿದ್ದು ಹರಳಿನ ಅಗಲದಲ್ಲಿ ಅದರ ಪಾಲು), ಕ್ರೌನ್ ಅಂದರೆ ಅದರ ಸುತ್ತ ಇಳಿಜಾರಾಗಿರುವ ಮೇಲ್ಭಾಗ. ಈ ಒಂದೇ ಅಳತೆ ಸರಿ, ಉಳಿದದ್ದೆಲ್ಲ ಕಸ ಅಂತ ವಾದ ಮಾಡುವವರು ಇದ್ದಾರೆ. ಜಿಐಎ ಅಧ್ಯಯನಕ್ಕೆ ಸಿಕ್ಕ ಉತ್ತರ ಬೇರೆ: ಚೆನ್ನಾಗಿ ಕಾಣುವ ಜೋಡಣೆಗಳು ಒಂದಲ್ಲ, ಹಲವು. ಅವರ ಎಕ್ಸಲೆಂಟ್‌ನಲ್ಲಿ ಟೇಬಲ್ 52ರಿಂದ 62ರವರೆಗೂ ಇರಬಹುದು. 54ರ ಟೇಬಲ್, 61ರ ಟೇಬಲ್ ಇರುವ ಎರಡು ಎಕ್ಸಲೆಂಟ್ ಹರಳುಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಒಂದೇ ದರ್ಜೆ ಅಂತ ನಂಬಲು ಕಷ್ಟವಾಗುತ್ತದೆ. ಚಿಕ್ಕ ಟೇಬಲ್, ಎತ್ತರದ ಕ್ರೌನ್ ಇದ್ದರೆ ಸಾಮಾನ್ಯವಾಗಿ ಕೆಂಪು, ನೀಲಿ, ಹಸಿರಿನ ಕಿಡಿ ಜಾಸ್ತಿ. ಟೇಬಲ್ 60, ಒಟ್ಟು ಆಳ 60 ಇರುವ ಹರಳಿನಲ್ಲಿ ಬಿಳಿ ಬೆಳಕು ಜಾಸ್ತಿ, ಬಣ್ಣ ಕಡಿಮೆ. ಇದರಲ್ಲಿ ಯಾವುದು ಮೇಲು ಅಂತ ಯಾವ ಲ್ಯಾಬ್ ಕೂಡ ನಿಮ್ಮ ಪರವಾಗಿ ತೀರ್ಮಾನ ಮಾಡಲಾರದು.

ಈಗ ನಿಮ್ಮ ವೆರಿ ಗುಡ್‌ಗೆ ಬರೋಣ. ಅದು ಯಾಕೆ ಒಂದು ಮೆಟ್ಟಿಲು ಇಳಿಯಿತು ಅನ್ನುವುದನ್ನು ರಿಪೋರ್ಟ್‌ನಲ್ಲೇ ಹುಡುಕಿ. ಬೆಳಕಿಗೆ ಸಂಬಂಧವೇ ಇಲ್ಲದ ಕಾರಣಕ್ಕೂ ದರ್ಜೆ ಇಳಿಯುತ್ತದೆ. ಪಾಲಿಶ್ (ಮುಖಗಳ ನುಣುಪು) ಅಥವಾ ಸಿಮೆಟ್ರಿ (ಎಡಬಲದ ಹೊಂದಿಕೆ) ಬರೀ ‘ಗುಡ್’ ಆಗಿದ್ದರೆ ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ ಎಕ್ಸಲೆಂಟ್ ಸಿಗುವುದಿಲ್ಲ. ಗರ್ಡಲ್, ಅಂದರೆ ಸೊಂಟದ ಅಂಚು, ದಪ್ಪವಾಗಿದ್ದರೆ ತೂಕ ಸುಮ್ನೆ ಅಲ್ಲಿ ಅಡಗಿ ಕೂತಿದೆ ಅಂತ ಇಳಿಸುತ್ತಾರೆ. ಟೇಬಲ್ 63 ಆಗಿ ದರ್ಜೆ ಇಳಿದಿದ್ದರೆ, ನಿಮಗೆ ಹಿಡಿಸಿದ್ದು ಆ ಬಿಳಿ ಹೊಳಪೇ ಇರಬಹುದು. ಇಂಥ ಕಾರಣವಾದರೆ ಧೈರ್ಯವಾಗಿ ನಿಮ್ಮ ಇಷ್ಟದ ಪ್ರಕಾರ ಹೋಗಿ. ಗರ್ಡಲ್ ದಪ್ಪ ಅನ್ನುವುದಾದರೆ ಮಾತ್ರ ವ್ಯಾಸ ಒಮ್ಮೆ ನೋಡಿಕೊಳ್ಳಿ. ಚೆನ್ನಾಗಿ ಕತ್ತರಿಸಿದ ಒಂದು ಕ್ಯಾರಟ್ ದುಂಡು ಹರಳು ಸುಮಾರು 6.4, 6.5 ಮಿಲಿಮೀಟರ್ ಅಗಲ ಇರುತ್ತದೆ. ಅದೇ ತೂಕಕ್ಕೆ 6.1 ಬಂದರೆ ನೀವು ಕೊಂಡ ತೂಕದ ಒಂದು ಪಾಲು ಕಣ್ಣಿಗೇ ಕಾಣುವುದಿಲ್ಲ.

ಬೆಳಕಿನ ಮಾತು ಹೇಳಿದ್ದೆನಲ್ಲ. ಆಭರಣದ ಅಂಗಡಿಗೆ ದೀಪ ಕೂರಿಸುವವರಿಗೆ ನಿಜಕ್ಕೂ ಯಾರಾದರೂ ಬಹುಮಾನ ಕೊಡಬೇಕು. ಮೇಲಿನಿಂದ ಬೀಳುವ ಆ ಚಿಕ್ಕ ಚಿಕ್ಕ ಚೂಪು ದೀಪಗಳ ಕೆಳಗೆ ಕೆಟ್ಟದಾಗಿ ಕತ್ತರಿಸಿದ ಹರಳೂ ಬಣ್ಣ ಕಾರುತ್ತದೆ. ಅಲ್ಲಿ ಹುಟ್ಟಿದ ಇಷ್ಟವನ್ನು ನಂಬಬೇಡಿ. ಎರಡೂ ಹರಳನ್ನು ಕಿಟಕಿಯ ಹತ್ತಿರ, ಬಿಸಿಲು ನೇರವಾಗಿ ಬೀಳದ ಕಡೆ ತೆಗೆದುಕೊಂಡು ಹೋಗಿ. ಓದುವ ದೂರದಲ್ಲಿ ಹಿಡಿಯಿರಿ, ಮೂಗಿಗೆ ತಾಗಿಸಿ ನೋಡಬೇಡಿ. ತೀರಾ ಹತ್ತಿರ ಹೋದರೆ ನಿಮ್ಮ ತಲೆಯೇ ಬೆಳಕಿಗೆ ಅಡ್ಡ ಬಂದು ಹರಳು ಕಪ್ಪಗೆ ಕಾಣುತ್ತದೆ. ನಿಧಾನವಾಗಿ ಆ ಕಡೆ ಈ ಕಡೆ ವಾಲಿಸಿ. ಬಿಡಿ ಹರಳಾದರೆ ಗಾಢ ಬಣ್ಣದ ಕಾಗದದ ಮೇಲೆ ಇಟ್ಟು ನೇರ ಮೇಲಿನಿಂದ ನೋಡಿ, ಬೆಳಕು ಸೋರುವ ಜಾಗದಲ್ಲಿ ಕಾಗದದ ಬಣ್ಣ ಇಣುಕುತ್ತದೆ. ಕೊನೆಗೆ ಮೇಜಿನ ನೆರಳಿಗೆ ಹಿಡಿದು ನೋಡಿ. ಅಲ್ಲೂ ನಿಮ್ಮ ವೆರಿ ಗುಡ್ ನಿಮ್ಮನ್ನೇ ಕರೆದರೆ, ತೊಗೊಳ್ಳಿ. ನಗುವವರ ಕೈಗೂ ಎರಡನ್ನೂ ಕೊಡಿ, ರಿಪೋರ್ಟ್ ತೋರಿಸದೆ. ಎಷ್ಟು ಜನ ಎಕ್ಸಲೆಂಟ್ ಆರಿಸುತ್ತಾರೆ ನೋಡೋಣ.

ಪ್ರಶ್ನೆ: ನಾನು ನಂಬರ್ ನಂಬುವವನು. ಕೋನ, ಶೇಕಡಾ ಎಲ್ಲ ರಿಪೋರ್ಟ್‌ನಲ್ಲೇ ಇರುತ್ತದೆ. ಸರಿಯಾದ ನಂಬರ್ ಇರುವ ಹರಳನ್ನು ನೋಡದೆಯೇ ತರಿಸಿಕೊಂಡರೆ ಏನು ತೊಂದರೆ? ಕಣ್ಣು ಮೋಸ ಹೋಗುತ್ತದೆ, ನಂಬರ್ ಹೋಗುವುದಿಲ್ಲ ಅಲ್ವಾ?

ಉತ್ತರ: ನಂಬರ್ ಸುಳ್ಳು ಹೇಳುವುದಿಲ್ಲ, ಒಪ್ಪುತ್ತೇನೆ. ಆದರೆ ಪೂರ್ತಿ ಹೇಳುವುದೂ ಇಲ್ಲ. ರಿಪೋರ್ಟ್‌ನಲ್ಲಿ ಪೆವಿಲಿಯನ್ ಕೋನ 40.8 ಅಂತ ಇದೆ ಅಂದುಕೊಳ್ಳಿ. ಅದು ಎಂಟು ಮುಖ್ಯ ಮುಖಗಳ ಸರಾಸರಿ. ಆ ಎಂಟರಲ್ಲಿ ಒಂದು 40.4 ಇರಬಹುದು, ಇನ್ನೊಂದು 41.2 ಇರಬಹುದು. ಸರಾಸರಿ ಸಿಕ್ಕ ಮೇಲೆ ಅದನ್ನು ಹತ್ತಿರದ 0.2 ಡಿಗ್ರಿಗೆ ಸರಿಹೊಂದಿಸಿ ಮುದ್ರಿಸುತ್ತಾರೆ. ಕ್ರೌನ್ ಕೋನವನ್ನು ಹತ್ತಿರದ ಅರ್ಧ ಡಿಗ್ರಿಗೆ. ನೀವು ನಂಬಿರುವ ನಂಬರ್ ಆಗಲೇ ಎರಡು ಸಲ ಇಸ್ತ್ರಿ ಹಾಕಿಸಿಕೊಂಡು ಬಂದಿದೆ.

ಇನ್ನೊಂದು ವಿಷಯ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಕೋನಗಳನ್ನು ಬಿಡಿಬಿಡಿಯಾಗಿ ಓದಬಾರದು. ಕ್ರೌನ್ ಕಡಿದಾದಷ್ಟೂ ಪೆವಿಲಿಯನ್ ಸ್ವಲ್ಪ ಚಪ್ಪಟೆ ಆಗಬೇಕು, ಕ್ರೌನ್ ಇಳಿದರೆ ಪೆವಿಲಿಯನ್ ಸ್ವಲ್ಪ ಏರಬಹುದು. 34.5ಕ್ಕೆ 40.8 ಒಳ್ಳೆ ಜೋಡಿ. ಕ್ರೌನ್ 36, ಪೆವಿಲಿಯನ್ 41.4 ಅಂತ ಬಂದರೆ ಎರಡೂ ಕಡಿದು. ಆಗ ಟೇಬಲ್ ಅಂಚಿನ ಕೆಳಗೆ ಸುತ್ತಲೂ ಬೆಳಕು ಸೋರಿ ಮಂಕು ಉಂಗುರ ಕಾಣಲು ಶುರುವಾಗುತ್ತದೆ. ಕತ್ತರಿಸುವವರು ಹೀಗೆ ಯಾಕೆ ಮಾಡುತ್ತಾರೆ ಅಂದರೆ ಕಚ್ಚಾ ಕಲ್ಲಿನ ತೂಕ ಜಾಸ್ತಿ ಉಳಿಯುತ್ತದೆ, ಅಷ್ಟೇ. ಇಂಥ ಕಡಿದು ಹರಳುಗಳಲ್ಲಿ ಕೆಲವು ಎಕ್ಸಲೆಂಟ್ ಗಡಿಯ ಅಂಚಿಗೆ ಕೈಹಿಡಿದು ನೇತಾಡುತ್ತಿರುತ್ತವೆ. ಕಾಗದದ ಮೇಲೆ ಎಲ್ಲ ಎಕ್ಸಲೆಂಟೂ ಒಂದೇ.

ಹಾಗಾಗಿ ನನ್ನ ಮಟ್ಟಿಗೆ ನಂಬರ್ ಅನ್ನುವುದು ಜರಡಿ. ಬೇಡದ್ದನ್ನು ಆಚೆ ಹಾಕಲು ಬಳಸಿ. ಉಳಿದದ್ದರಲ್ಲಿ ಆರಿಸುವ ಕೆಲಸ ನಿಮ್ಮದೇ. ನೋಡಲು ಆಗುವುದೇ ಇಲ್ಲ ಅಂದರೆ ಕನಿಷ್ಠ ಎರಡು ಕೇಳಿ ಪಡೆಯಿರಿ. ಒಂದು, ಸಾಧಾರಣ ಬೆಳಕಿನಲ್ಲಿ ಹರಳು ತಿರುಗುವ ವಿಡಿಯೋ. ಇನ್ನೊಂದು, ಎಸೆಟ್ ಚಿತ್ರ. ಅದರಲ್ಲಿ ಎತ್ತರದಿಂದ ಬರುವ ಜೋರು ಬೆಳಕನ್ನು ನಿಮ್ಮ ಕಣ್ಣಿಗೆ ಕಳಿಸುವ ಜಾಗ ಕೆಂಪಾಗಿ, ಪಕ್ಕದ ತಗ್ಗು ಬೆಳಕನ್ನು ಕಳಿಸುವ ಜಾಗ ಹಸಿರಾಗಿ, ನೋಡುವವರ ತಲೆ ಅಡ್ಡ ಬರುವ ಜಾಗ ನೀಲಿಯಾಗಿ ಕಾಣುತ್ತದೆ. ಇದನ್ನು ಬೆಳೆಸಿದ್ದು ಎಜಿಎಸ್ ಅನ್ನುವ ಇನ್ನೊಂದು ವಜ್ರ ಪರೀಕ್ಷೆಯ ಲ್ಯಾಬ್. 2022ರ ಕೊನೆಗೆ ಆ ಲ್ಯಾಬ್ ಬಾಗಿಲು ಹಾಕಿ ಜಿಐಎ ಜೊತೆ ಸೇರಿತು, ಅದರ ಚಿತ್ರ ಮಾತ್ರ ಇನ್ನೂ ಎಲ್ಲ ಕಡೆ ಓಡಾಡುತ್ತಿದೆ. ಅದೂ ಒಂದು ಚಿತ್ರವೇ, ನಿಂತ ಹರಳಿನದು. ಬೆರಳಿನಲ್ಲಿ ವಜ್ರ ಯಾವಾಗಲೂ ನಿಂತಿರುವುದಿಲ್ಲ.

ಪ್ರಶ್ನೆ: ಅಂಡಾಕಾರದ ವಜ್ರ ನೋಡುತ್ತಿದ್ದೇನೆ. ಮಾರುವವರು ‘ಟ್ರಿಪಲ್ ಎಕ್ಸಲೆಂಟ್’ ಅಂತಾರೆ. ಜಿಐಎ ರಿಪೋರ್ಟ್‌ನಲ್ಲಿ ನನಗೆ ಎರಡೇ ಎಕ್ಸಲೆಂಟ್ ಕಾಣುತ್ತಿದೆ. ಮೂರನೆಯದು ಎಲ್ಲಿ?

ಉತ್ತರ: ಮೂರನೆಯದು, ಅಂದರೆ ಕಟ್ ದರ್ಜೆ, ಮಾರುವವರ ಬಾಯಲ್ಲಿ ಮಾತ್ರ ಇದೆ. ನಿಮಗೆ ಕಾಣುತ್ತಿರುವ ಎರಡು ಪಾಲಿಶ್ ಮತ್ತು ಸಿಮೆಟ್ರಿ. ಮುಖಗಳು ನುಣುಪಾಗಿವೆ, ಎಡಬಲ ಸರಿಯಾಗಿದೆ ಅನ್ನುವುದಷ್ಟೇ ಅದರ ಅರ್ಥ. ಬೆಳಕು ವಾಪಸ್ ಬರುತ್ತದೋ ಇಲ್ಲವೋ ಅದರಲ್ಲಿ ಇಲ್ಲ. ಮೇಲೆ ಹೇಳಿದ ಜಿಐಎ ಕಟ್ ದರ್ಜೆ ದುಂಡು ಬ್ರಿಲಿಯಂಟ್‌ಗೆ ಮಾಡಿದ್ದು.

ಇಲ್ಲಿ ಇಷ್ಟಕ್ಕೆ ಜಾಗ ಜಾಸ್ತಿ, ಆದರೆ ಕಣ್ಣಿಗೆ ಕೆಲಸವೂ ಜಾಸ್ತಿ. ಉದ್ದ, ಅಗಲದ ಪ್ರಮಾಣ ಪೂರ್ತಿ ನಿಮ್ಮ ಇಷ್ಟ. 1.35 ಇದ್ದರೆ ಗುಂಡಗೆ, 1.5 ಇದ್ದರೆ ತೆಳ್ಳಗೆ ಉದ್ದಕ್ಕೆ ಕಾಣುತ್ತದೆ. ಇದೇ ಸರಿ ಅಂತ ಯಾರಾದರೂ ಹೇಳಿದರೆ ಅವರ ಹತ್ತಿರ ಅದೇ ಅಳತೆಯ ಹರಳು ಮಿಕ್ಕಿದೆ ಅಂತ ತಿಳಿಯಿರಿ. ಇಷ್ಟಕ್ಕೆ ಬಿಡಬಾರದ ಸಂಗತಿ ‘ಬೋ ಟೈ’. ಹರಳಿನ ನಡುವೆ ಅಡ್ಡಲಾಗಿ ಎರಡು ಕಪ್ಪು ತ್ರಿಕೋನಗಳು ಎದುರುಬದುರು ಕೂತಿರುತ್ತವೆ. ಅಂಡಾಕಾರದ ಹರಳುಗಳಲ್ಲಿ ಇದು ಬಹಳ ಮಟ್ಟಿಗೆ ಇದ್ದೇ ಇರುತ್ತದೆ. ಪ್ರಶ್ನೆ ಇರುವುದು ಎಷ್ಟು ಹಠಮಾರಿ ಅನ್ನುವುದರಲ್ಲಿ. ಹರಳನ್ನು ಸ್ವಲ್ಪ ವಾಲಿಸಿದಾಗ ಆ ಕಪ್ಪು ಬೆಳಗಿ, ಮತ್ತೆ ಕಪ್ಪಾಗಿ, ಹೀಗೆ ಆಡುತ್ತಿದ್ದರೆ ಒಳ್ಳೆಯದೇ, ಆ ಏರಿಳಿತದಿಂದಲೇ ಹರಳು ಮಿನುಗುತ್ತದೆ. ಹೇಗೆ ವಾಲಿಸಿದರೂ ಕಪ್ಪು ಕಪ್ಪಾಗಿಯೇ ಕೂತಿದ್ದರೆ ಆ ಹರಳು ಬಿಡಿ.

ಪ್ರಶ್ನೆ: ವಿಶೇಷ ಭೂತಗನ್ನಡಿಯಲ್ಲಿ ಎಂಟು ಬಾಣ, ಎಂಟು ಹೃದಯ ಕಾಣುವ ವಜ್ರ ತೋರಿಸಿದರು. ಇದೇ ಅತ್ಯುತ್ತಮ ಕಟ್ ಅಂದರು. ಹೌದಾ?

ಉತ್ತರ: ಅದು ಅಚ್ಚುಕಟ್ಟಿನ ಸಾಕ್ಷಿ. 57 ಮುಖಗಳು, ತುದಿಯ ಚಿಕ್ಕ ಮುಖ ಸೇರಿದರೆ 58, ಇಷ್ಟೂ ಒಂದಕ್ಕೊಂದು ನೇರ ಬಂದಾಗ ಮಾತ್ರ ಆ ಬಾಣ, ಹೃದಯ ಸ್ಪಷ್ಟವಾಗಿ ಮೂಡುತ್ತವೆ. ಕತ್ತರಿಸಿದವರ ಕೈಗೆ ಮೆಚ್ಚುಗೆ ಸಲ್ಲಬೇಕು. ಆದರೆ ತಪ್ಪು ಕೋನದಲ್ಲೂ ಅಚ್ಚುಕಟ್ಟಾಗಿ ಕತ್ತರಿಸಬಹುದು, ಆಗಲೂ ಬಾಣ ಕಾಣುತ್ತದೆ. ಮೊದಲು ಕೋನ ನೋಡಿ, ಬಾಣ ಆಮೇಲೆ. ಆ ಕಪ್ಪು ಬಾಣಗಳು ಬಹುಮಟ್ಟಿಗೆ ನೋಡುತ್ತಿರುವವರ ತಲೆಯದೇ ಪ್ರತಿಬಿಂಬ ಅಂತ ಗೊತ್ತಾದ ಮೇಲೂ ಇಷ್ಟವಾದರೆ ತೊಗೊಳ್ಳಿ, ನನಗೂ ಇಷ್ಟವೇ.

ಬಾಣ ದಪ್ಪ ಇರಬೇಕಾ ತೆಳು ಇರಬೇಕಾ ಅನ್ನುವುದು ಮಾತ್ರ ಶುದ್ಧ ಇಷ್ಟ. ಕೆಳಗಿನ ಸಣ್ಣ ಮುಖಗಳ ಉದ್ದ 75 ಶೇಕಡಾ ಹತ್ತಿರ ಇದ್ದರೆ ಬಾಣ ದಪ್ಪ, ಮಿಂಚು ದೊಡ್ಡದು, ಸಂಖ್ಯೆ ಕಡಿಮೆ. 80 ದಾಟಿದರೆ ಬಾಣ ಸಣ್ಣ, ಮಿಂಚು ಪುಡಿಪುಡಿಯಾಗಿ ಜಾಸ್ತಿ.

ಪ್ರಶ್ನೆ: ಎಮರಾಲ್ಡ್ ಕಟ್ ಅನ್ನುವ ಉದ್ದ ಚೌಕದ ವಜ್ರ ಮಂಕಾಗಿ ಕಾಣುತ್ತದೆ. ಅದನ್ನು ಇಷ್ಟಪಡುವವರು ಏನು ನೋಡಿ ಇಷ್ಟಪಡುತ್ತಾರೆ?

ಉತ್ತರ: ಮೆಟ್ಟಿಲು. ಅದರ ಮುಖಗಳು ಉದ್ದಕ್ಕೆ, ಸಾಲಾಗಿ ಇರುತ್ತವೆ. ಕೈ ತಿರುಗಿದಾಗ ಒಂದು ಇಡೀ ಪಟ್ಟಿ ಒಮ್ಮೆಲೇ ಹೊತ್ತಿಕೊಂಡು ಆರುತ್ತದೆ. ಸಣ್ಣ ಮಿನುಗು ಬೇಕೆನ್ನುವವರಿಗೆ ಇದು ಸಪ್ಪೆ. ಒಳಗಿನ ಕಲೆಯೂ ಬೇಗ ಕಾಣುತ್ತದೆ, ಅಷ್ಟು ಎಚ್ಚರ ಇರಲಿ. ನಿಮಗೆ ಹಿಡಿಸಲಿಲ್ಲ ಅಂದರೆ ಬಿಟ್ಟುಬಿಡಿ, ಯಾರೂ ಪರೀಕ್ಷೆ ಮಾಡುತ್ತಿಲ್ಲ.

ಪ್ರಶ್ನೆ: ಅಜ್ಜಿಯಿಂದ ಬಂದ ಹಳೆಯ ವಜ್ರ ಇದೆ. ಎತ್ತರವಾಗಿದೆ, ಮೇಲಿನಿಂದ ನೋಡಿದರೆ ನಡುವೆ ಚಿಕ್ಕ ಗುಂಡು ತೂತಿನ ಹಾಗೆ ಕಾಣುತ್ತದೆ. ಈಗಿನ ದರ್ಜೆಯಲ್ಲಿ ಇದು ಕೆಳಗೆ ಬರುತ್ತದೆ, ಹೊಸದಾಗಿ ಕತ್ತರಿಸಿ ಅಂತ ಒಬ್ಬರು ಸಲಹೆ ಕೊಟ್ಟರು. ಮಾಡಿಸಲಾ?

ಉತ್ತರ: ದಯವಿಟ್ಟು ಅವಸರ ಮಾಡಬೇಡಿ. ನೀವು ಬರೆದಿದ್ದನ್ನು ನೋಡಿದರೆ ಅದು ಓಲ್ಡ್ ಯುರೋಪಿಯನ್ ಅಥವಾ ಅದಕ್ಕಿಂತ ಹಿಂದಿನ ಓಲ್ಡ್ ಮೈನ್ ಕಟ್ ಇರಬಹುದು. ಆಕಾರ ದುಂಡಗಿದ್ದರೆ ಮೊದಲನೆಯದು, ಮೂಲೆ ಗುಂಡಾದ ಚೌಕದ ಹಾಗಿದ್ದರೆ ಎರಡನೆಯದು. ಆ ತೂತು ತೂತಲ್ಲ. ಹರಳಿನ ಕೆಳತುದಿಯನ್ನು ಚೂಪಾಗಿ ಬಿಡದೆ ಚಪ್ಪಟೆ ಮಾಡಿದ್ದಾರೆ, ಅದು ಮೇಲಿನಿಂದ ಹಾಗೆ ಕಾಣುತ್ತದೆ.

ಈಗಿನ ಅಳತೆಯಲ್ಲಿ ಇಂಥ ಹರಳಿಗೆ ಒಳ್ಳೆ ಅಂಕ ಬರುವುದಿಲ್ಲ, ನಿಜ. ಆದರೆ ಆ ಅಳತೆಗೂ ಇದಕ್ಕೂ ಸಂಬಂಧವೇ ಇಲ್ಲ. ಇವನ್ನು ಕತ್ತರಿಸಿದ ಕಾಲದಲ್ಲಿ ಸಂಜೆಯ ಬೆಳಕು ಅಂದರೆ ಮೇಣದ ಬತ್ತಿ, ಎಣ್ಣೆ ದೀಪ. ಚಿಕ್ಕ ಟೇಬಲ್, ಎತ್ತರದ ಕ್ರೌನ್, ದಪ್ಪ ದಪ್ಪ ಮುಖಗಳು ಅಂಥ ಬೆಳಕಿನಲ್ಲಿ ದೊಡ್ಡ, ನಿಧಾನವಾದ ಬಣ್ಣದ ಮಿಂಚು ಕೊಡುತ್ತವೆ. ಕೋಣೆಯ ಜೋರು ದೀಪ ಆರಿಸಿ ಒಂದೇ ಬತ್ತಿ ಹಚ್ಚಿ ನೋಡಿ, ಆಮೇಲೆ ತೀರ್ಮಾನ ಮಾಡಿ. ಇವತ್ತು ಇಂಥವನ್ನೇ ಹುಡುಕಿಕೊಂಡು ಹೋಗುವವರು ಇದ್ದಾರೆ. ಹಳೆಯ ಶೈಲಿಯಲ್ಲಿ ಹೊಸ ಹರಳು ಕತ್ತರಿಸುವವರೂ ಇದ್ದಾರೆ.

ಕಾಲದ ಇಷ್ಟಕ್ಕೆ ತಕ್ಕ ಹಾಗೆ ಹರಳನ್ನು ತಿದ್ದಲು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಕೊಹಿನೂರ್ ಇದೆಯಲ್ಲ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕ್ ಪ್ರದರ್ಶನದಲ್ಲಿ ಇಟ್ಟಾಗ ನೋಡಲು ಬಂದವರಿಗೆ ನಿರಾಸೆಯಾಯಿತು, ಇದೇನು ಗಾಜಿನ ತುಂಡಿನ ಹಾಗಿದೆ ಅಂತ. ಅದನ್ನು ಕತ್ತರಿಸಿದವರಿಗೆ ಝಗಮಗ ಮುಖ್ಯ ಆಗಿರಲಿಲ್ಲ, ಕಲ್ಲಿನ ಗಾತ್ರ ಉಳಿಯಬೇಕಿತ್ತು. ಮರುವರ್ಷ, 1852ರಲ್ಲಿ, ಅದನ್ನು ಯುರೋಪಿನವರ ಇಷ್ಟಕ್ಕೆ ತಕ್ಕಂತೆ ಮತ್ತೆ ಕತ್ತರಿಸಿದರು. ಸುಮಾರು 186 ಕ್ಯಾರಟ್ ಇದ್ದ ಕಲ್ಲು 105.6ಕ್ಕೆ ಇಳಿಯಿತು. ಹೋದ 80 ಕ್ಯಾರಟ್ ವಾಪಸ್ ಬರುವುದಿಲ್ಲ, ಹಳೆಯ ರೂಪವೂ ಅಷ್ಟೇ. ತಮಾಷೆ ಅಂದರೆ, ಆಗ ಮಾಡಿದ ಆ ‘ಸರಿಯಾದ’ ಕಟ್ ಕೂಡ ಈಗಿನ ದುಂಡು ಬ್ರಿಲಿಯಂಟ್ ಅಳತೆಗೆ ಎಲ್ಲೂ ಹೊಂದುವುದಿಲ್ಲ.

ಅಂಚು ಒಡೆದಿದ್ದರೆ, ಬಿರುಕು ಬೆಳೆಯುವ ಭಯ ಇದ್ದರೆ ಮಾತು ಬೇರೆ. ಆಗಲೂ ಒಡೆದ ಜಾಗ ಮಾತ್ರ ಪಾಲಿಶ್ ಮಾಡಿಸಿ, ಇಡೀ ಹರಳಿಗೆ ಕೈ ಹಾಕಿಸಬೇಡಿ.

ಪ್ರಶ್ನೆ: ಕೊಳ್ಳುವಾಗ ಕಣ್ಣು ಕುಕ್ಕುತ್ತಿದ್ದ ಉಂಗುರ ಕೆಲವೇ ತಿಂಗಳಲ್ಲಿ ಸತ್ತ ಹಾಗಾಗಿದೆ. ಕಟ್ ದರ್ಜೆ ಎಕ್ಸಲೆಂಟೇ. ಮೋಸ ಹೋದೆನಾ?

ಉತ್ತರ: ತೊಳೆದಿದ್ದೀರಾ? ವಜ್ರಕ್ಕೆ ಎಣ್ಣೆ ಜಿಡ್ಡು ಅಂದರೆ ಪ್ರಾಣ, ನೀರಿಗಿಂತ ಜಿಡ್ಡನ್ನೇ ಬೇಗ ಹಿಡಿದುಕೊಳ್ಳುತ್ತದೆ. ಕೈಗೆ ಹಚ್ಚುವ ಕ್ರೀಮ್, ಸೋಪು, ಚರ್ಮದ ಎಣ್ಣೆ ಎಲ್ಲ ಹರಳಿನ ಬೆನ್ನಿಗೆ ಹೋಗಿ ಮೆತ್ತಿಕೊಳ್ಳುತ್ತವೆ. ಬೆಳಕು ತಿರುಗಬೇಕಾದ್ದೇ ಆ ಬೆನ್ನಿನಿಂದ. ಅಲ್ಲಿ ಜಿಡ್ಡು ಕೂತರೆ ಮೇಲೆ ಹೇಳಿದ 24.4 ಡಿಗ್ರಿಯ ಲೆಕ್ಕವೇ ಕೆಡುತ್ತದೆ, ಬೆಳಕು ಸೋರಲು ಶುರುವಾಗುತ್ತದೆ. ಮೇಲ್ಭಾಗ ಮಾತ್ರ ಬಟ್ಟೆಯಲ್ಲಿ ಒರೆಸಿದರೆ ಏನೂ ಆಗುವುದಿಲ್ಲ.

ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಹಾಕಿ ಉಂಗುರವನ್ನು ಸ್ವಲ್ಪ ಹೊತ್ತು ನೆನೆಸಿ. ಮೆತ್ತನೆ ಬ್ರಷ್‌ನಿಂದ ಹಿಂಭಾಗವನ್ನು, ಕಟ್ಟಿನ ಸಂದುಗಳನ್ನು ಉಜ್ಜಿ. ಸಿಂಕ್ ಮೇಲೆ ತೊಳೆಯಬೇಡಿ, ಬಟ್ಟಲಿನಲ್ಲೇ ತೊಳೆಯಿರಿ. ಹರಳು ಅಲುಗಾಡುತ್ತಿದ್ದರೆ ಮೊದಲು ಅದನ್ನು ಬಿಗಿ ಮಾಡಿಸಿ. ಇಷ್ಟಾದ ಮೇಲೂ ಮಂಕಾಗಿಯೇ ಇದ್ದರೆ ರಿಪೋರ್ಟ್‌ನ ಕ್ರೌನ್, ಪೆವಿಲಿಯನ್ ನಂಬರ್ ಬರೆದು ಕಳಿಸಿ, ನೋಡುತ್ತೇನೆ.